ಅಪ್ಪ ಬರೆದುಕೊಂಡ ಹನ್ನೊಂದು ಸಿಗರೇಟು

“ಕೊಡಮ್ಮ ಅದನ್ನ, ಒಳಗಿಡ್ತೀನಿ,” ಎಂದು ಮಗಳು ಕೈಚಾಚಿದಳು. ತಾಯಿ ಟೀಚರಮ್ಮ ನೋಟ್‌ಬುಕ್ಕನ್ನು ಎದೆಗೆ ಇನ್ನಷ್ಟು ಅವುಚಿಕೊಂಡರು. ಹಾಲ್‌ನ ನಡುವೆ ಗಂಡನ ಶವವಿತ್ತು. ವಾಹನ ಬರಲು ಇನ್ನೂ ಅರ್ಧ ಗಂಟೆಯಿತ್ತು.

“ಎಲ್ಲರೂ ನೋಡ್ಲಿ. ಸಿಗರೇಟು ಬಿಡ್ತೀನಿ ಅಂತ ಇವರೇ ಹೊಲಿದುಕೊಂಡ ಪುಸ್ತಕ. ಅರವತ್ತೊಂದು ದಿನ ಸೊನ್ನೆ. ಆಮೇಲೆ ಹನ್ನೊಂದು ಸಲ ಮಾತು ತಪ್ಪಿದಾರೆ.”

“ಅಣ್ಣನ ಹೃದಯಾನಾದ್ರೂ ಎಷ್ಟು ಅಂತ ತಡ್ಕೊಳ್ಳತ್ತೆ ಅತ್ತಿಗೆ?” ಎಂದ ಸತ್ತವರ ತಮ್ಮ.

ಸತ್ತವರು ನಲವತ್ತು ವರ್ಷ ಪ್ರೆಸ್ಸಿನಲ್ಲಿ ಬೈಂಡರ್ ಆಗಿದ್ದರು. ದಿನವೂ ಸಂಜೆ ಅವರು ಆ ಪುಸ್ತಕದಲ್ಲಿ ಸಿಗರೇಟಿನ ಲೆಕ್ಕ ಬರೆಯುವುದು, ಹೆಂಡತಿ ಕೆಂಪು ಶಾಯಿಯಲ್ಲಿ ಸಹಿ ಹಾಕುವುದು. ಈ ವಯಸ್ಸಲ್ಲೂ ಹೋಂವರ್ಕ್ ತಪ್ಪಲಿಲ್ಲವಲ್ಲ ಎಂದು ಪ್ರೆಸ್ಸಿನವರು ಕಾಲೆಳೆಯುತ್ತಿದ್ದರು.

*

ಟೆರೇಸಿನ ಹೂಕುಂಡದ ಹಿಂದೆ ಮೊದಲ ಸಿಗರೇಟು ತುಂಡು ಸಿಕ್ಕಿದ ದಿನ ಟೀಚರಮ್ಮ ಅದನ್ನು ಕಾಗದದ ಮೇಲಿಟ್ಟು ಊಟದ ಮೇಜಿಗೇ ತಂದಿದ್ದರು.

“ಯಾರದ್ದಿದು?”

ಮೂವತ್ತು ದಾಟಿದ, ಲ್ಯಾಬಿನಲ್ಲಿ ಕೆಲಸ ಮಾಡುವ ಮಗಳು ಕಲಸಿದ ಅನ್ನವನ್ನೇ ಮತ್ತೆ ಕಲಸತೊಡಗಿದಳು. ಅಪ್ಪ ಅವಳ ಮುಖ ನೋಡಿದರು.

“ನಂದೇ ಕಣೇ,” ಅಂದರು. ಪುಸ್ತಕ ತೆಗೆದು ‘ಇವತ್ತು ಒಂದು’ ಎಂದು ಬರೆದರು. ಅದರ ಕೆಳಗೆ ಕೆಂಪು ಶಾಯಿ ಬಿತ್ತು: ‘ನಾಚಿಕೆಯಾಗಬೇಕು.’ ಅವತ್ತಿನಿಂದ ಅಪ್ಪನ ಹಾಸಿಗೆ ಹಾಲ್‌ಗೆ ಬಂತು.

ಮರುದಿನ ಮೆಟ್ಟಿಲ ಮೇಲೆ ಅಪ್ಪ ಹೇಳಿದರು: “ನಾನೇ ಬಿಟ್ಟಿದೀನಿ, ನಿನಗಾಗಲ್ವಾ? ನೀನು ಬಿಟ್ಟ ದಿನ ಅಮ್ಮನಿಗೆ ನಿಜ ಹೇಳೋಣ.”

ಅವಳು ಹೂಂ ಅಂದಳು. ಆಮೇಲೂ ಹತ್ತು ತುಂಡು ಸಿಕ್ಕವು. ಹತ್ತನ್ನೂ ಅಪ್ಪ ತಮ್ಮ ಹೆಸರಿಗೇ ಬರೆದುಕೊಂಡರು.

*

“ಇದೂ ಇವರ ಜೊತೆನೇ ಸುಟ್ಟುಹೋಗ್ಲಿ,” ಎಂದು ಟೀಚರಮ್ಮ ಪುಸ್ತಕವನ್ನು ಶವದ ಪಕ್ಕಕ್ಕಿಟ್ಟರು.

ಸುಟ್ಟರೆ ತಾನು ಪಾರು. ಹಾಗನ್ನಿಸಿದ್ದಕ್ಕೇ ಮಗಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಇಷ್ಟು ಜನರ ಎದುರು ಅಪ್ಪ ಮಾತು ತಪ್ಪಿದವರಾಗಿಯೇ ಹೋಗಿಬಿಡುತ್ತಿದ್ದರು.

“ಅಮ್ಮ, ಆ ಹನ್ನೊಂದೂ ನಂದು.”

“ಏನು?”

“ಅಪ್ಪ ಸೇದ್ಲೇ ಇಲ್ಲ. ಸೇದಿದ್ದು ನಾನು. ಅವರು ಬರ್ಕೊಂಡ್ರು, ನಾನು ಸುಮ್ಮನಿದ್ದೆ.”

ಚಿಕ್ಕಪ್ಪ ಸುಮ್ಮನೆ ಕೆಮ್ಮಿದ. ಪ್ರೆಸ್ಸಿನವರು ನೆಲ ನೋಡತೊಡಗಿದರು.

ಟೀಚರಮ್ಮ ಮಂಡಿಯೂರಿ ಕೂತರು. ತಿಂಗಳುಗಳಿಂದ ಮುಟ್ಟದಿದ್ದ ಗಂಡನ ಬಲಗೈಯನ್ನು ಎತ್ತಿ, ಬೆರಳುಗಳನ್ನು ಒಂದೊಂದಾಗಿ ಮೂಸಿದರು. ಆಮೇಲೆ, ಆ ಕೈ ಬಿಡದೆಯೇ, ಮಗಳತ್ತ ತಿರುಗಿದರು.

“ನಿನ್ನ ಕೈ ಕೊಡು.”

ಬೆಳಿಗ್ಗೆ ಜನ ಸೇರುವ ಮುಂಚೆ ಅವಳು ಟೆರೇಸಿಗೆ ಹೋಗಿ ಬಂದಿದ್ದಳು. ಅಷ್ಟು ಜನರ ನಡುವೆ ಮಗಳು ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತಳು.