ಸೊಂಟ ಎತ್ತಲು ಜಾಗ

"ಏನಮ್ಮಾ ಮಾಲ್‌ಸುನ್, ಹದಿನೆಂಟು ದಿನ ಆಯ್ತು, ಹಾಳೆ ಖಾಲಿ! ನಿನ್ ಸೊಂಟ ಬಗ್ಸಕ್ಕೂ ನಿಂಗೆ ಸೋಮಾರಿತನಾನಾ?"

ಮೇಲ್ವಿಚಾರಕ ಪ್ಯೊ ಮೆಟ್ಟಿಲ ಕೆಳಗಿನ ನಮ್ಮ ಗೂಡಿನೊಳಗೆ ತಲೆ ಮಾತ್ರ ತೂರಿಸಿದ್ದ. ಉಳಿದ ಮೈಗೆ ಅಲ್ಲಿ ಜಾಗವಿಲ್ಲ. ಕೊರಿಯಾದ ಬುಸಾನ್ ನಗರದ ಆ ಇಪ್ಪತ್ತೇಳು ಅಂತಸ್ತಿನ ಕಚೇರಿ ಕಟ್ಟಡವನ್ನು ಗುಡಿಸಿ ಒರೆಸುವ ನಾವು ನಾಲ್ವರು ಹೆಂಗಸರು ಉಣ್ಣುವುದು, ಕಾಲು ಚಾಚುವುದು ಅಲ್ಲೇ. ಒಬ್ಬಳು ಚಾಚಿದರೆ ಇನ್ನೊಬ್ಬಳ ಅನ್ನದ ಡಬ್ಬಿಗೆ ಹೆಬ್ಬೆರಳು.

ಮಾಲ್‌ಸುನ್ ಅಕ್ಕನಿಗೆ ಎರಡು ವರ್ಷದಿಂದ ಸೊಂಟನೋವು. ಒಂದು ವಾರ ರಜೆ ಕೇಳಿದಳು. ಕಂಪನಿ ವ್ಯಾಯಾಮ ಕೊಟ್ಟಿತು. ತರಬೇತಿಯ ಹುಡುಗಿಯೊಬ್ಬಳು ಸಭಾಂಗಣದಲ್ಲಿ ಚಾಪೆ ಹಾಸಿ, ಅಂಗಾತ ಮಲಗಿ ಸೊಂಟ ಎತ್ತಿ ಹತ್ತು ಎಣಿಸುವುದನ್ನು ಕಲಿಸಿ ಹೋದಳು. ಒಳ್ಳೆಯವಳು; ಅಕ್ಕನಿಗೆ ಆ ದಿನ ನಿಜವಾಗಿಯೂ ಹಗುರಾಗಿತ್ತು. ಆಮೇಲೆ ಸಭಾಂಗಣಕ್ಕೆ ಬೀಗ ಬಿತ್ತು. ವ್ಯಾಯಾಮ ಮಾಡಿದೆ ಎಂದು ದಿನಾ ಗುರುತು ಹಾಕುವ ಹಾಳೆ ಮಾತ್ರ ಉಳಿಯಿತು.

"ಎಲ್ ಮಲಗ್ಲಿ ಸಾರ್? ಇಲ್ಲಿ ಎತ್ತಿದ್ರೆ ಮಂಡಿ ಮೆಟ್ಲಿಗೆ ಹೊಡೆಯತ್ತೆ."

"ಇಷ್ಟ್ ದೊಡ್ಡ ಕಟ್ಟಡದಲ್ಲಿ ಜಾಗ ಇಲ್ವಾ? ನೀವೇ ನೋಡ್ಕೊಳ್ಳಿ. ತಿಂಗಳ ಕೊನೇಲೂ ಹಾಳೆ ಖಾಲಿ ಇದ್ರೆ ಕೆಲಸಾನೂ ಇಲ್ಲ."

ತಲೆ ಹೊರಗೆ ಹೋಯಿತು.

"ಸುಮ್ನೆ ಗುರುತು ಹಾಕ್ಬಿಡಕ್ಕಾ," ಎಂದೆ.

"ಹಾಕಿದ್ರೆ ಸೊಂಟ ವಾಸಿ ಆಯ್ತು ಅಂತ ಇನ್ನೊಂದು ಅಂತಸ್ತು ತಲೆಗೆ ಕಟ್ತಾನೆ, ಮುಂಡೇಮಗ." ಅಕ್ಕ ಗೋಡೆ ಹಿಡಿದು ಮೆಲ್ಲಗೆ ಎದ್ದಳು. "ಹ್ಯೆರಾನ್, ಈ ಕಟ್ಟಡದಲ್ಲಿ ಎಲ್ಲಕ್ಕಿಂತ ಚೊಕ್ಕಟ ನೆಲ ಯಾವ್ದೇ?"

"ಕೆಳಗೆ ಲಿಫ್ಟ್ ಮುಂದಿಂದು. ಬೆಳಿಗ್ಗೆ ನೀನೇ ಉಜ್ಜಿದ್ಯಲ್ಲ," ಎಂದೆ.

"ಮತ್ತೆ? ಊಟದ ಹೊತ್ತು ನಮ್ದೇ ತಾನೆ?"

ಹನ್ನೆರಡಕ್ಕೆ ಲಿಫ್ಟಿನ ಬಾಗಿಲಿಗೆ ಅಡ್ಡಲಾಗಿ ರಟ್ಟು ಹಾಸಿದೆವು. ಅಕ್ಕ ಸೊಂಟ ಎತ್ತಿದಳು, ನಾವೂ ಎತ್ತಿದೆವು. ಊಟಕ್ಕೆ ಹೊರಟ ಟೈ ಕಟ್ಟಿದವರು ಗೋಡೆಗೆ ಒತ್ತಿಕೊಂಡು ನಿಂತರು.

"ಒಂದು... ಎರಡು..."

ಪ್ಯೊ ಓಡಿ ಬಂದ. "ಎದ್ದೇಳ್ರೇ! ಮಾನ ಮರ್ಯಾದೆ ಇಲ್ವಾ? ಕಂಪನಿ ಅಧ್ಯಕ್ಷರು ಇಳೀತಿದಾರೆ!"

"ಮಧ್ಯ ಬಿಟ್ರೆ ನರ ಹಿಡ್ಕೊಳತ್ತೆ ಸಾರ್," ಎಂದಳು ಅಕ್ಕ, ಮಲಗಿದಲ್ಲಿಂದಲೇ. "ಇಳೀಲಿ ಬಿಡಿ, ಅವ್ರಿಗೂ ಒಂದು ರಟ್ಟು ಹಾಸಣ."

ನನ್ನ ಪಕ್ಕದಲ್ಲಿ ಮಲಗಿದ್ದ ಚುನ್‌ಬುನ್ ಕಿಸಕ್ಕನೆ ನಕ್ಕಳು. ಅವಳ ಸೊಂಟ ದೊಪ್ಪನೆ ಬಿತ್ತು.

"ಲೇ ಹಾಳಾದೋಳೆ, ಎತ್ತೇ! ಎಣಿಸು!" ಅಕ್ಕ ಗದರಿದಳು.

ಲಿಫ್ಟ್ ತೆರೆಯಿತು. ಒಳಗೆ ಅಧ್ಯಕ್ಷರು, ಇಬ್ಬರು ಅತಿಥಿಗಳು. ಅಕ್ಕನ ತೊಡೆ ಗಡಗಡ ನಡುಗುತ್ತಿತ್ತು, ಇಳಿಸಲಿಲ್ಲ. ಅಧ್ಯಕ್ಷರು ಒಂದು ಕಾಲು ಎತ್ತಿದರು, ಎಲ್ಲಿಡುವುದೆಂದು ತಿಳಿಯದೆ ಹಿಂದಕ್ಕೆಳೆದುಕೊಂಡರು. ಬಾಗಿಲು ಸ್ವಲ್ಪ ಹೊತ್ತು ಕಾದು, ತಾನಾಗಿಯೇ ಮುಚ್ಚಿಕೊಂಡಿತು; ಲಿಫ್ಟ್ ಅವರನ್ನು ಮತ್ತೆ ಮೇಲಕ್ಕೆ ಒಯ್ದಿತು.

"ಎಂಟು," ಎಂದೆವು.