ಗುರುತು ಸಿಕ್ಕಿಲ್ಲ

"ಆ ಮೂದೇವಿ ಬೆರಳ್ನ ಇನ್ನೊಂದ್ಸಲ ಒತ್ತೇ."

ಉಲ್ಲಾಳದ ಅಪಾರ್ಟ್‌ಮೆಂಟಿನ ಹಾಜರಿ ಯಂತ್ರದ ಮೇಲೆ ಮುನಿತಾಯಮ್ಮ ನಾಲ್ಕನೇ ಸಲ ಬೆರಳೊತ್ತಿದಳು. ಆಸಿಡ್ಡು, ಫಿನಾಯಿಲು ತಿಂದ ಬೆರಳಲ್ಲಿ ಗೆರೆಗಳೇ ಉಳಿದಿರಲಿಲ್ಲ. 'ಗುರುತು ಸಿಕ್ಕಿಲ್ಲ' ಎಂದಿತು ಯಂತ್ರ.

"ಹೋಗ್ಲಿ, ಹಾಲ್ ಒರೆಸೋಗು," ಎಂದ ಸಂಘದ ಅಧ್ಯಕ್ಷ ಕಾಂತರಾಜು.

ಅವತ್ತು ಚುನಾವಣೆ. ಮತಗಟ್ಟೆ ಆ ಹಾಲಿನ ಪಕ್ಕದ ಕೋಣೆಯಲ್ಲೇ. ಜನರ ಕೈಗೆ ದುಡ್ಡು ಬಂದರೆ ಪ್ರಜಾಪ್ರಭುತ್ವ ತಾನಾಗಿಯೇ ಬರುತ್ತದೆಂದು ಹಿಂದಿನ ವಾರ ಕಾಂತರಾಜು ಅಲ್ಲೇ ಮೈಕು ಹಿಡಿದು ಹೇಳಿದ್ದ. ಅದು ಬರುವ ದಾರಿ ಒರೆಸಲು ಮುನಿತಾಯಮ್ಮ ಇದ್ದಳಲ್ಲ. ದುಡ್ಡು ಬಂದವರು ಮಾತ್ರ ರಜೆ ಸಿಕ್ಕಿತೆಂದು ರೆಸಾರ್ಟಿಗೆ ಹೋಗಿದ್ದರು.

ಮಧ್ಯಾಹ್ನ ಆಕೆ ಕೇಳಿದಳು. "ಸಾರ್, ಓಟಾಕ್ಬಿಟ್ ಬತ್ತೀನಿ. ನಂದೂ ಇದೇ ಬೂತು."

"ಡ್ಯೂಟಿ ಆರಕ್ಕೆ ಮುಗಿಯುತ್ತೆ. ಆಮೇಲ್ ಹಾಕು."

"ಆರಕ್ಕೆ ಬಾಗ್ಲು ಹಾಕ್ತಾರೆ ಸಾರ್."

"ನಿನ್ನೊಂದ್ ಓಟಿಂದ ದೇಶ ಉದ್ಧಾರ ಆಗ್ಬೇಕಾ? ಒರೆಸೇ, ಬೋಳಿಮಗಳೇ."

ಈ ಜಾಗದಲ್ಲಿ ಮೊದಲು ಕಾಂತರಾಜುವಿನ ಅಪ್ಪನ ರಾಗಿ ಹೊಲವಿತ್ತು. ಅಲ್ಲಿ ಕಳೆ ಕೀಳುತ್ತಿದ್ದ ಮುನಿತಾಯಮ್ಮನಿಗೆ ಓಟಿನ ದಿನ ಯಾವ ಗುರುತಿಗೆ ಒತ್ತಬೇಕೆಂದು ಆ ಅಪ್ಪ ಹೇಳುತ್ತಿದ್ದ. ಮಗ ಒತ್ತಲೇಬೇಡ ಎನ್ನುತ್ತಾನೆ. ಊರು ಅಷ್ಟು ಮುಂದುವರಿದಿದೆ.

ಐದೂಮುಕ್ಕಾಲಿಗೆ ಆಕೆ ಬಕೆಟ್ಟನ್ನು ಹಾಲಿನ ನಡುವೆಯೇ ಬಿಟ್ಟು ಮತಗಟ್ಟೆಯೊಳಗೆ ಹೋದಳು. ಅಧಿಕಾರಿ ಚೀಟಿ ನೋಡಿ, "ಬನ್ನಿ ಅಮ್ಮ," ಎಂದ. ಈ ಕಟ್ಟಡದಲ್ಲಿ ಅದುವರೆಗೆ ಯಾರೂ ಆಕೆಯನ್ನು ಬನ್ನಿ ಎಂದಿರಲಿಲ್ಲ. ಗೆರೆಯಿಲ್ಲದ ಬೆರಳಿಗೂ ಮಸಿ ಚೆನ್ನಾಗಿಯೇ ಹಿಡಿಯಿತು.

ಹೊರಗೆ ಹಾಜರಿ ಯಂತ್ರದ ಪಕ್ಕ ಕಾಂತರಾಜು ನಿಂತಿದ್ದ. ಅವನದಿನ್ನೂ ಓಟು ಆಗಿರಲಿಲ್ಲ. ಕೂಲಿಯವರ ಜೊತೆ ಸಾಲಲ್ಲಿ ಯಾರು ನಿಲ್ಲುತ್ತಾರೆಂದು ಕೊನೆಗಳಿಗೆಗೆ ಬಂದಿದ್ದ.

"ಕೊಬ್ಬು ಜಾಸ್ತಿ ಆಯ್ತಲ್ಲೇ ನಿಂಗೆ. ಬೆರಳೊತ್ತು. ಗುರುತು ಸಿಗ್ಲಿಲ್ಲ ಅಂದ್ರೆ ನಾಳೆಯಿಂದ ಬರ್ಬೇಡ."

ಮುನಿತಾಯಮ್ಮ ಹಸಿ ಮಸಿಯ ಬೆರಳನ್ನು ಯಂತ್ರದ ಗಾಜಿನ ಮೇಲೆ ಒತ್ತಿ ಎಳೆದಳು.

"ಈಗ್ ಸಿಕ್ತಾ ನೋಡಿ ಸಾರ್, ಗುರುತು."

"ಲೇ, ಒರೆಸೇ ಅದನ್ನ."

"ಬರ್ಬ್ಯಾಡ ಅಂದ್ರಲ್ಲ. ನೀವೇ ಒರೆಸ್ಕಳಿ."

ಕಾಂತರಾಜುವಿನ ಬಲಗೈಯಲ್ಲಿ ಫೋನಿತ್ತು. ಎಡಗೈಯ ತೋರುಬೆರಳಿನಿಂದ ಗಾಜಿನ ಮಸಿಯನ್ನು ಗಸಗಸ ಉಜ್ಜಿದ. ನಂತರ ಗಡಿಯಾರ ನೋಡಿ ಮತಗಟ್ಟೆಗೆ ಓಡಿದ.

ಅಧಿಕಾರಿ ಅವನ ಎಡಗೈ ಹಿಡಿದು ಬೆರಳು ತಿರುಗಿಸಿ ನೋಡಿದ.

"ಆಗ್ಲೇ ಮಸಿ ಇದೆಯಲ್ಲ ಸಾರ್. ಎಷ್ಟ್ ಸಲ ಹಾಕ್ತೀರಿ?"

"ರೀ, ಅದು ಆ ಕಸ ಗುಡಿಸೋಳ್ದು."

"ಬೆರಳು ನಿಮ್ದೇ ಅಲ್ವಾ? ಪಕ್ಕಕ್ಕೆ ಬನ್ನಿ."

ಮುನಿತಾಯಮ್ಮ ಹಿಂಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿ ತಂದು, ಹಾಲಿನಲ್ಲೇ ಮೆಟ್ಟಿಕೊಂಡು, ಮುಂಬಾಗಿಲಿನಿಂದ ಹೊರಟಳು.