ಹದಿನಾಲ್ಕು ವರ್ಷದ ಸೊನ್ನೆಗಳು

“ಇವನಾ? ನಮ್ಮಕ್ಕನ ಮಗ. ಒಂಬತ್ತನೇ ಕ್ಲಾಸಿನ ಬಾಗಿಲಲ್ಲೇ ಸುಸ್ತಾಗಿ ಕೂತುಬಿಟ್ಟೋನು. ಫಾರಂ ಹಂಚ್ತಾನೆ. ಅದಕ್ಕೆ ತಲೆ ಬೇಕಾಗಲ್ಲ ನೋಡಿ, ಕಾಲಿದ್ರೆ ಸಾಕು.”

ಚಿಕ್ಕಮ್ಮ ಹೀಗೆಂದಾಗ ಕ್ರೀಡಾಂಗಣದ ಆ ಕೋಣೆಯಲ್ಲಿ ಹನ್ನೊಂದು ಆಟಗಾರರು, ಅವರ ಕೋಚು, ಅವಳ ಸಂಶೋಧನೆಗೆ ದುಡ್ಡು ಕೊಡುವ ಅನುದಾನ ಸಮಿತಿಯಿಂದ ಬಂದ ಒಬ್ಬ ಗಂಡಸು, ಒಬ್ಬ ಹೆಂಗಸು ಇದ್ದರು. ಎಲ್ಲರೂ ನಕ್ಕರು. ಕುಂಟುತ್ತ ಬಂದು ಕೂತಿದ್ದ ಗೋಲ್‌ಕೀಪರೂ ನಕ್ಕ. ನನಗೆ ಮೈಯೆಲ್ಲ ಉರಿದುಹೋಯಿತು.

ಚಿಕ್ಕಮ್ಮ ಸಮಾಜ ವಿಜ್ಞಾನಿ. ಹದಿನಾಲ್ಕು ವರ್ಷದಿಂದ ಆಟಗಾರರ ಆರೋಗ್ಯ ಅಳೆಯುತ್ತಿದ್ದಾಳೆ. ಕೇಳುವುದು ಒಂದೇ ಪ್ರಶ್ನೆ: ಈ ವಾರ ಎಷ್ಟು ನೋವಿತ್ತು, ಸೊನ್ನೆಯಿಂದ ಹತ್ತರೊಳಗೆ ಗುರುತು ಹಾಕಿ. ಎಲ್ಲರೂ ಸೊನ್ನೆಗೇ ಹಾಕುತ್ತಿದ್ದರು. ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡವನೂ ಸೊನ್ನೆ, ಐಸ್ ಬಕೆಟ್ಟಿನಲ್ಲಿ ಪಾದ ಮುಳುಗಿಸಿ ಕೂತವನೂ ಸೊನ್ನೆ. ಆ ಸೊನ್ನೆಗಳ ಮೇಲೆ ಅವಳು ಒಂದು ಸಿದ್ಧಾಂತವನ್ನೇ ಕಟ್ಟಿದಳು: ತಂಡದ ಮೇಲೆ ನಿಷ್ಠೆ ಇದ್ದವರಿಗೆ ನೋವು ಗೊತ್ತಾಗುವುದಿಲ್ಲ. ಆಮೇಲೆ ಅದನ್ನೇ ಎತ್ತಿಕೊಂಡು ಹೋಗಿ ರಾಜಕೀಯಕ್ಕೂ ಅಂಟಿಸಿದಳು. ಪಕ್ಷದ ಕಾರ್ಯಕರ್ತರಿಗೂ ಹಾಗೆಯೇ, ನಾಯಕ ತುಳಿದರೂ ನೋಯುವುದಿಲ್ಲವಂತೆ. ಎರಡು ಪುಸ್ತಕ ಬಂದವು. ಊರೂರಿನಲ್ಲಿ ಭಾಷಣ.

ಫಾರಂ ಹಂಚುವವನಿಗೆ ಮಾತ್ರ ಕಾಣುವ ಒಂದು ವಿಷಯವಿತ್ತು. ತುಂಬಿದ ಫಾರಂಗಳನ್ನು ಒಟ್ಟುಮಾಡಿ ನನಗೆ ಕೊಡುತ್ತಿದ್ದದ್ದು ಕೋಚು. ಕೊಡುವ ಮುಂಚೆ ಒಂದೊಂದನ್ನೂ ಓದುತ್ತಿದ್ದ. ನೋವು ಅಂತ ಬರೆದವನು ಮುಂದಿನ ಪಂದ್ಯಕ್ಕೆ ಬೆಂಚು ಕಾಯಬೇಕು. ನಿಷ್ಠೆಯೂ ಇಲ್ಲ, ಮಣ್ಣೂ ಇಲ್ಲ.

ಹೋದ ತಿಂಗಳು ಅವಳ ಅಡುಗೆಮನೆಯಲ್ಲಿ ಇದನ್ನು ಹೇಳಿ ನೋಡಿದ್ದೆ.

“ಚಿಕ್ಕಮ್ಮ, ಕೋಚ್ ಕೈಗೆ ಫಾರಂ ಹೋಗೋದು ಬೇಡ. ಒಂದು ಡಬ್ಬಿ ಇಡೋಣ.”

“ಹದಿನಾಲ್ಕು ವರ್ಷ ನಾನೇನು ನೊಣ ಹೊಡೀತಿದ್ನಾ? ಡಬ್ಬಿಯಿಂದ ಏನಾದ್ರೂ ಸಿಕ್ರೆ ವರದಿಯಲ್ಲಿ ನಿನ್ನ ಹೆಸರು ಹಾಕ್ತೀನಿ, ಹೋಗು.”

ಅವಳು ತಮಾಷೆಗೆ ಹೇಳಿದ್ದು. ನಾನು ತಮಾಷೆಗೆ ತೆಗೆದುಕೊಳ್ಳಲಿಲ್ಲ. ಅಚ್ಚಾದ ಹಾಳೆಯಲ್ಲಿ ನನ್ನ ಹೆಸರು ಒಂದೇ ಸಲ ಬಂದಿತ್ತು, ನಪಾಸಾದವರ ಪಟ್ಟಿಯಲ್ಲಿ.

ಇವತ್ತು ಎಲ್ಲರೂ ನಕ್ಕು ಮುಗಿಸುವ ತನಕ ಕಾದೆ. ಆಮೇಲೆ ಚೀಲದಿಂದ ಬೂಟಿನ ರಟ್ಟಿನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟೆ. ಮುಚ್ಚಳಕ್ಕೆ ನಾನೇ ಸೀಳು ಮಾಡಿದ್ದೆ.

“ಹೆಸರು ಬರೀಬೇಡಿ. ಮಡಚಿ ಇದರೊಳಗೆ ಹಾಕಿ. ಕೋಚ್ ಸಾರ್, ನೀವು ಸ್ವಲ್ಪ ಹೊರಗೆ.”

“ನನ್ನ ಹುಡುಗರು ಕಣೋ ಇವರು. ನಾನ್ಯಾಕೆ ಹೊರಗೆ?”

ಚಿಕ್ಕಮ್ಮ ಕಣ್ಣಲ್ಲೇ ನನ್ನನ್ನು ಸುಟ್ಟಳು. ಆದರೆ ಸಮಿತಿಯ ಹೆಂಗಸು, “ಹೋಗಿ ಬನ್ನಿ, ಏನಾಗುತ್ತೆ” ಅಂದುಬಿಟ್ಟರು. ಕೋಚು ಸೀಟಿ ಕಚ್ಚಿಕೊಂಡು ಹೊರಗೆ ಹೋದ.

ಹತ್ತು ನಿಮಿಷದ ಮೇಲೆ ಆ ಹೆಂಗಸೇ ಡಬ್ಬಿ ತೆರೆದು ಓದಿದರು. ಏಳು. ಎಂಟು. ಒಂಬತ್ತು. ಎಂಟು. ಒಬ್ಬ, “ಹತ್ತರ ಮೇಲೆ ಜಾಗ ಇಲ್ವಾ?” ಅಂತ ಬರೆದಿದ್ದ. ಸೊನ್ನೆ ಸಿಕ್ಕಿದ್ದು ಒಂದೇ.

“ಅದು ನಂದು,” ಮೂಲೆಯಿಂದ ಒಬ್ಬ ಒಪ್ಪಿಕೊಂಡ. “ನಾನು ನಿನ್ನೆ ಸೇರಿದ್ದು.”

ಚಿಕ್ಕಮ್ಮನ ಮುಖ ಸುಣ್ಣ ಬಳಿದ ಹಾಗಾಯಿತು. ಒಂದೇ ಕ್ಷಣ. ನೀರು ಕುಡಿದು ಎದ್ದು ನಿಂತಳು.

“ನೋಡಿದ್ರಾ? ನನ್ನ ಮುಂದಿನ ಪುಸ್ತಕವೇ ಇದು. ನಾವು ನಿಷ್ಠೆ ಅಂದ್ಕೊಂಡಿದ್ದು ಬರೀ ಭಯ. ಪಕ್ಷದ ಕಚೇರಿಗಳಲ್ಲೂ ಡಬ್ಬಿ ಇಡ್ಬೇಕು. ತೋರಿಸೋಣ ಅಂತಲೇ ಇವತ್ತು ಇಡಿಸ್ದೆ.”

ಸಮಿತಿಯ ಗಂಡಸು ತಲೆದೂಗಿ ಬರೆದುಕೊಂಡ. ಹೆಂಗಸು ಬರೆಯಲಿಲ್ಲ, ನನ್ನ ಕಡೆ ತಿರುಗಿದರು.

“ಡಬ್ಬಿ ಯಾರ ಯೋಚನೆಪ್ಪ?”

ಚಿಕ್ಕಮ್ಮ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟಳು. “ಹೇಳೋ. ನಾನು ಹೇಳಿಕೊಟ್ಟ ಹಾಗೇ ಮಾಡಿದ್ಯಲ್ಲ?” ಬೆರಳುಗಳು ಒತ್ತುತ್ತಿದ್ದವು.

ಹೌದು ಅಂದರೆ ಹೆಸರು ಹೋಯಿತು, ಇಲ್ಲ ಅಂದರೆ ಕೆಲಸ. ಹನ್ನೊಂದು ಜನ ನನ್ನನ್ನೇ ನೋಡುತ್ತಿದ್ದರು. ಈಗ ಯಾರೂ ನಗುತ್ತಿರಲಿಲ್ಲ.

ಮೇಜಿನ ಮೇಲೆ ಉಳಿದಿದ್ದ ಖಾಲಿ ಫಾರಂ ಎಳೆದುಕೊಂಡೆ. ಹತ್ತಕ್ಕೆ ಗುರುತು ಹಾಕಿ, ಮಡಚಿ, ಡಬ್ಬಿಯೊಳಗೆ ಹಾಕಿ, ಬಾಗಿಲ ಕಡೆ ಹೊರಟೆ.

“ಲೋ, ಎಲ್ಲಿಗೋ?” ಅಂದಳು ಚಿಕ್ಕಮ್ಮ.

ಬಾಗಿಲಲ್ಲಿ ನಿಂತಿದ್ದ ಕೋಚು ದಾರಿ ಬಿಟ್ಟ. ನಾನು ನಡೆಯುತ್ತಲೇ ಇದ್ದೆ.